ಬಲಗಡೆಯ ಎರಡೂವರೆ ಲೀಟರ್

ಮದುವೆಯಾಗಿ ಒಂಬತ್ತು ವರ್ಷವಾದರೂ ನನ್ನ ಮಾವನವರಿಗೆ ನಾನು ಡಬ್ಬದ ಅಳಿಯನೇ. ಎದುರಿಗೆ ಹಾಗನ್ನುವುದಿಲ್ಲ. ಎದುರಿಗೆ "ಅಳಿಯಂದ್ರೇ" ಎಂದು ಎಳೆದು ಎಳೆದು ಮರ್ಯಾದೆ ಕೊಡುತ್ತಾರೆ. ಆದರೆ ಮಗಳ ಜೊತೆ ಫೋನಿನಲ್ಲಿ ಮಾತಾಡುವಾಗ "ಡಬ್ಬ ಮನೇಲಿದ್ದಾರಾ?" ಎಂದು ಅವರು ಕೇಳುವುದು ಪಕ್ಕದ ಕೋಣೆಯಲ್ಲಿ ಉಣ್ಣುತ್ತಿರುವ ನನಗೂ ಕೇಳಿಸುತ್ತದೆ. ಅವರ ಗಂಟಲು ಹಾಗಿದೆ. ನಲವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ, ಪಕ್ಕದ ಸೀಟಿನಲ್ಲಿ ಕಲಿಸುವವರಿಗೆಂದೇ ಇರುವ ಬ್ರೇಕಿನ ಮೇಲೆ ಕಾಲಿಟ್ಟು ಕೂತು ಇಡೀ ಊರಿಗೆ ಕೂಗಿ ಕೂಗಿ ಪಾಠ ಹೇಳಿದ ಗಂಟಲು ಅದು.

ನಾನು ಮಾಡುವುದು ಡಬ್ಬ ಎನ್ನುವುದೇನೋ ನಿಜ. ಕಾರಿನೊಳಗೆ ಹಾಡು ಗುಂಯ್ ಎನ್ನಬೇಕಾದರೆ, ಹೊಟ್ಟೆಯಿಂದ ಹೊರಡುವಂಥ ದಪ್ಪ ದನಿ ಬೇಕಾದರೆ, ಡಿಕ್ಕಿಯಲ್ಲಿ ವೂಫರ್ ಎಂಬ ದೊಡ್ಡ ಸ್ಪೀಕರ್ ಇಡಬೇಕು. ಅದು ಬರಿಮೈಲಿ ಕೂತರೆ ಕೆಮ್ಮುತ್ತದೆಯೇ ಹೊರತು ಹಾಡುವುದಿಲ್ಲ. ಅದಕ್ಕೆ ಗಾಳಿಯಾಡದ ಒಂದು ಮನೆ ಬೇಕು. ಬಡಗಿಗಳು ಹಲಗೆಯಲ್ಲಿ ಚೌಕಾಕಾರದ ಪೆಟ್ಟಿಗೆ ಹೊಡೆದುಕೊಡುತ್ತಾರೆ. ಇಟ್ಟರೆ ಡಿಕ್ಕಿ ತುಂಬಿತು, ಆಮೇಲೆ ಒಂದು ಚೀಲ ಇಡಲೂ ಜಾಗವಿಲ್ಲ. ನಾನು ಹಾಗೆ ಮಾಡುವವನಲ್ಲ. ಡಿಕ್ಕಿಯ ಅಕ್ಕಪಕ್ಕದಲ್ಲಿ, ಚಕ್ರದ ಹಿಂದೆ, ಯಾರ ಕೆಲಸಕ್ಕೂ ಬಾರದ ಒಂದೊಂದು ಗುಳಿ ಇರುತ್ತದಲ್ಲ, ಅದಕ್ಕೆ ಮೇಣ ಸವರಿ, ಟೇಪು ಅಂಟಿಸಿ, ಗಾಜಿನ ನಾರಿನ ಫೈಬರ್ ಮ್ಯಾಟನ್ನು ತುಂಡು ತುಂಡಾಗಿ ಹಾಸಿ, ಬ್ರಷ್ಷಿನಿಂದ ರೆಸಿನ್ ಎಂಬ ಅಂಟುದ್ರವ ಕುಡಿಸುತ್ತೇನೆ. ಮರುದಿನಕ್ಕೆ ಅದು ಕಲ್ಲಾಗುತ್ತದೆ. ಎಳೆದು ತೆಗೆದರೆ ಆ ಕಾರಿನ ಒಳಮೈ ಹೇಗಿದೆಯೋ ಹಾಗೇ ಅಚ್ಚಾಗಿ ಬಂದಿರುತ್ತದೆ. ಒಂದು ಕಾರಿನದು ಇನ್ನೊಂದಕ್ಕೆ ಕೂರುವುದಿಲ್ಲ. ಇದನ್ನು ಡಬ್ಬ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ತಪ್ಪೇ?

ಸಿಟ್ಟು ಬಂದಾಗಲೆಲ್ಲ ನನ್ನ ಹೆಂಡತಿ, "ಹೋಗಲಿ ಬಿಡ್ರಿ, ಡಬ್ಬ ಅಂದ್ರೆ ತಪ್ಪೇನು, ಖಾಲಿ ಡಬ್ಬ ಅಂದಿಲ್ವಲ್ಲ" ಎನ್ನುತ್ತಾಳೆ. ಅಪ್ಪನ ಮಗಳು.

ಅಂಥ ಮಾವನವರು ಈ ಸಲ ತಾವಾಗಿಯೇ ಕಾರು ತಂದು ನನ್ನ ಶೆಡ್ಡಿನ ಮುಂದೆ ನಿಲ್ಲಿಸಿದರು. ಹಳೆಯ ಶಿಷ್ಯನೊಬ್ಬ ತನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಹೋಗಿದ್ದನಂತೆ, ಅದರಲ್ಲಿ ವೂಫರ್ ಇತ್ತಂತೆ. "ಹಾಡು ಕಿವೀಲಿ ಅಲ್ಲ ಅಳಿಯಂದ್ರೇ, ಬೆನ್ನಲ್ಲಿ ಕೇಳಿಸ್ತು" ಎಂದರು. ಹೇಳುವಾಗ ಅವರ ಮುಖ ನೋಡಬೇಕಿತ್ತು. ಮೊದಲ ಸಲ ಐಸ್‌ಕ್ರೀಂ ತಿಂದ ಮಗುವಿನ ಮುಖ. ಎರಡು ಕಡೆಗೂ ಒಂದೊಂದು ಬೇಕು, ಎರಡೂ ಒಂದೇ ತರ ಇರಬೇಕು, ನಡುವೆ ಸ್ಟೆಪ್ನಿ ಚಕ್ರ ಸರಾಗವಾಗಿ ಎತ್ತಲು ಬರಬೇಕು ಎಂದು ಷರತ್ತು ಹಾಕಿದರು. ಆಮೇಲೆ ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ತೋರಿಸಿ, "ನಾನು ಅಳೆದು ನೋಡೋನು, ಗೊತ್ತಲ್ಲ" ಎಂದರು.

ಗೊತ್ತಿಲ್ಲದೆ ಏನು. ಶಿಷ್ಯರು ಕಾರು ನಿಲ್ಲಿಸಿದಾಗ ರಸ್ತೆಯಂಚಿಗೂ ಚಕ್ರಕ್ಕೂ ನಡುವೆ ಅದೇ ಸ್ಕೇಲ್ ಇಟ್ಟು ಅಳೆಯುತ್ತಿದ್ದ ಮನುಷ್ಯ. ಅವರ ಈ ಕಾರಿಗೆ ಇಪ್ಪತ್ತೆರಡು ವರ್ಷ. "ಒಂದು ಗೀರಿಲ್ಲ" ಎನ್ನುವುದು ಅವರ ಮಾತಿನ ಪಲ್ಲವಿ. ಬೇರೆಯವರು ಆ ಕಾರಿನ ಬಾಗಿಲು ಹಾಕಿದರೂ ಅವರಿಗೆ ಸಮಾಧಾನವಿಲ್ಲ, ತೆಗೆದು ಇನ್ನೊಮ್ಮೆ ತಾವೇ ಹಾಕುತ್ತಾರೆ. ಅಂಥ ಕಾರನ್ನು ನನ್ನ ಕೈಗೆ ಬಿಟ್ಟು ಹೋದರು. ಈ ಕೆಲಸ ಸರಿಹೋದರೆ ನಾನು ಕಸುಬುಗಾರ, ಕೆಟ್ಟರೆ ಸಾಯುವ ತನಕ ಡಬ್ಬ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹದಿನೈದು ದಿನ ಮೈಕೈ ತುರಿಸಿಕೊಂಡು ದುಡಿದೆ. ಫೈಬರ್ ಉಜ್ಜಿದ ಪುಡಿ ಚರ್ಮಕ್ಕೆ ಹೊಕ್ಕರೆ ಮೂರು ದಿನ ನೆಮ್ಮದಿಯಿಲ್ಲ. ನನ್ನ ಬಟ್ಟೆಗೆ ಮನೆಯಲ್ಲಿ ಬೇರೆ ಬಕೆಟ್ಟು, ಬೇರೆ ಹಗ್ಗ. ಮಲಗುವ ಕೋಣೆಗೆ ಕಾಲಿಡುವ ಮುಂಚೆ ಹೆಂಡತಿ ಬಾಗಿಲಲ್ಲೇ ತಡೆದು ಮೂಸಿ ನೋಡುತ್ತಾಳೆ. "ಇನ್ನೂ ರೆಸಿನ್ ವಾಸನೆ. ನಿಮ್ಮನ್ನ ಒಲೆ ಹತ್ರ ಬಿಡೋ ಹಾಗಿಲ್ಲ" ಎಂದು ಮತ್ತೆ ಸ್ನಾನಕ್ಕಟ್ಟುತ್ತಾಳೆ.

ಎಡಗಡೆಯದು ಮೊದಲು ಮುಗಿಯಿತು. ಅಚ್ಚಿನ ಬಾಯಿಗೆ ಸ್ಪೀಕರ್ ಕೂರುವ ಹಲಗೆಯ ಬಳೆಯನ್ನು ಕಡ್ಡಿಗಳ ಮೇಲೆ ನಿಲ್ಲಿಸಿ, ಸುತ್ತ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿದು, ಅದಕ್ಕೂ ರೆಸಿನ್ ಕುಡಿಸಿ, ಏರುತಗ್ಗು ಮುಚ್ಚುವ ಪುಟ್ಟಿ ಬಳಿದು, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಬೆಣ್ಣೆ ಮಾಡಿ, ಮೇಲೆ ಬೂದುಬಣ್ಣದ ಬಟ್ಟೆ ಹೊದಿಸಿದೆ. ಕಾರು ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಎನ್ನುವಂತೆ ಗುಳಿಯಲ್ಲಿ ಕೂತಿತು. ಮಾವನವರು ಬಂದರು, ಬಗ್ಗಿದರು, ಸ್ಕೇಲ್ ಇಟ್ಟರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಸೊಂಟ ಹಿಡಿದುಕೊಂಡಿತೋ ಏನೋ ಎಂದು ನನಗೆ ಭಯವಾಯಿತು. ಕಡೆಗೆ ಎದ್ದು ನಿಂತು "ಪರವಾಗಿಲ್ಲ" ಎಂದರು.

ಅವರ ನಾಲಿಗೆಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಇದುವರೆಗೆ ಯಾರಿಗೂ ಬಿದ್ದಿಲ್ಲ. ನಾನು ಆ ದಿನವಿಡೀ ಶಿಳ್ಳೆ ಹೊಡೆಯುತ್ತಾ ಕೆಲಸ ಮಾಡಿದೆ. ಭಾನುವಾರ ಬೆಳಿಗ್ಗೆ ಬಂದು ಕಾರು ತೆಗೆದುಕೊಂಡು ಹೋಗುವುದೆಂದು ಮಾತಾಯಿತು.

ಇನ್ನು ಬಲಗಡೆಯದು. ಅದಕ್ಕೂ ಬಟ್ಟೆ ಬಿಗಿದು ಗಟ್ಟಿಯಾದ ಮೇಲೆ ಒಳಗಿನ ಜಾಗ ಅಳೆಯಲು ಕೂತೆ. ವೂಫರಿಗೆ ಎಷ್ಟು ಲೀಟರ್ ಗಾಳಿ ಬೇಕೆಂಬ ಲೆಕ್ಕವಿದೆ. ಡೊಂಕುಡೊಂಕಾದ ಅಚ್ಚನ್ನು ಟೇಪು ಹಿಡಿದು ಅಳೆಯಲಾಗದು, ನೀರು ಸುರಿದರೆ ಹಲಗೆ ಕುಡಿಯುತ್ತದೆ. ಹಾಗಾಗಿ ನಮ್ಮ ಕಸುಬಿನಲ್ಲಿ ಕಾಳು ಸುರಿದು ಅಳೆಯುತ್ತೇವೆ. ನನ್ನದು ಒಣ ಬಟಾಣಿ. ಎಡಗಡೆಗೆ ಹದಿನೆಂಟು ಲೀಟರ್ ಹಿಡಿದಿತ್ತು. ಬಲಗಡೆ ಹದಿನೈದೂವರೆಗೇ ಕತ್ತಿನ ಮಟ್ಟ ತುಂಬಿ, ಉಳಿದದ್ದು ನೆಲಕ್ಕೆ ಚೆಲ್ಲಿತು.

ಎರಡೂವರೆ ಲೀಟರ್ ಎಲ್ಲಿ ಹೋಯಿತು? ಮತ್ತೆ ಸುರಿದೆ. ಅಷ್ಟೇ. ಅಳತೆ ಪಾತ್ರೆ ಬದಲಿಸಿ ಸುರಿದೆ. ಅಷ್ಟೇ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಎಡಗಡೆದು ಮಾಡುವಾಗ ಅಪ್ಪ ಬಂದು ಅಳೀತಾರೆ ಅನ್ನೋ ಭಯ ಇತ್ತು. ಬಲಗಡೆದು ಮಾಡುವಾಗ ಶಿಳ್ಳೆ ಹೊಡೀತಿದ್ರಿ" ಎಂದಳು.

ಮಾತು ಚುಚ್ಚಿತು, ಏಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಹಲ್ಲು ಕಚ್ಚಿ ಆ ಅಚ್ಚನ್ನು ಪಕ್ಕಕ್ಕೆಸೆದು ಹೊಸದಾಗಿ ಮೇಣ ಸವರಿದೆ, ಹೊಸದಾಗಿ ಮ್ಯಾಟ್ ಹಾಸಿದೆ. ಈ ಸಲ ಶಿಳ್ಳೆಯಿಲ್ಲ, ಮಾತಿಲ್ಲ. ಮೂರು ದಿನ ಹೋಯಿತು. ಶುಕ್ರವಾರ ಬಟಾಣಿ ಸುರಿದೆ. ಹದಿನೈದೂವರೆ.

ಒಮ್ಮೆ ತಪ್ಪಿದರೆ ಕೈಯ ತಪ್ಪು. ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ತರ ತಪ್ಪಲು ನನ್ನ ಕೈಗೆ ಅಷ್ಟೊಂದು ಶಿಸ್ತಿಲ್ಲ. ನನಗೆ ತಲೆಯಲ್ಲಿ ಏನೋ ಹೊಳೆಯಿತು. ಬಳೆಗಳೆರಡೂ ಒಂದೇ ಸಾಲಿನಲ್ಲಿವೆ. ಅಂದರೆ ಹಿಂದಿನ ತಗಡೇ ಒಳಕ್ಕೆ ಬಂದಿರಬೇಕು. ಒಂದು ಸಣ್ಣ ಅಯಸ್ಕಾಂತ ತಂದು ಕಾರಿನ ಹೊರಮೈಗೆ ಇಟ್ಟೆ. ಎಡಗಡೆ, ಚಕ್ರದ ಹಿಂದೆ, ಟಕ್ಕೆಂದು ಕಚ್ಚಿಕೊಂಡಿತು. ಬಲಗಡೆ ಅದೇ ಜಾಗದಲ್ಲಿ ಇಟ್ಟೆ. ಜಾರಿ ನೆಲಕ್ಕೆ ಬಿತ್ತು.

ಪುಟ್ಟಿ! ಬಣ್ಣದ ಕೆಳಗೆ ತಗಡಲ್ಲ, ತಟ್ಟೆಯಗಲಕ್ಕೆ ಎರಡು ಬೆರಳು ದಪ್ಪದ ಪುಟ್ಟಿ. ಎಂದೋ ಏನೋ ಬಲವಾಗಿ ಗುದ್ದಿ, ತಗಡು ಒಳಕ್ಕೆ ಹೋಗಿ, ಯಾರೋ ಪುಣ್ಯಾತ್ಮ ಹೊರಗಿನಿಂದ ಪುಟ್ಟಿ ತುಂಬಿ ಅದ್ಭುತವಾಗಿ ಮುಚ್ಚಿದ್ದಾನೆ. ಒಂದು ಗೀರಿಲ್ಲದ ಕಾರಂತೆ! ನಾನು ಶೆಡ್ಡಿನೊಳಗೆ ಒಬ್ಬನೇ ಕುಣಿದೆ. ನನ್ನ ಅಚ್ಚು ನೆಟ್ಟಗಿದೆ, ಮಾವನವರ ಕಾರು ಸೊಟ್ಟಗಿದೆ. ಒಂಬತ್ತು ವರ್ಷದ ಡಬ್ಬಕ್ಕೆ ಬಡ್ಡಿ ಸಮೇತ ಉತ್ತರ ಸಿಕ್ಕಿತ್ತು. ಭಾನುವಾರ ಅವರ ಕೈಗೇ ಅಯಸ್ಕಾಂತ ಕೊಟ್ಟು, "ಇಡಿ ಮಾವ, ನೀವೇ ಇಡಿ" ಎನ್ನಬೇಕೆಂದು ಮಾತನ್ನೂ ಹೊಂದಿಸಿಕೊಂಡೆ.

ಅಷ್ಟರಲ್ಲಿ ಅತ್ತೆ ಬಂದರು. ಮಗಳನ್ನು ನೋಡಲು ಬಂದವರು ಅಂಗಳದಲ್ಲಿ ನನ್ನ ಕುಣಿತ ಕಂಡು ನಿಂತಿದ್ದರು. ನನಗೆ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬರಿಸುವಂತಾಗಿತ್ತು.

"ಅತ್ತೆ, ಇಲ್ಲಿ ನೋಡಿ ಒಂದು ತಮಾಷೆ" ಎಂದು ಎಡಗಡೆ ಇಟ್ಟು ತೋರಿಸಿದೆ. ಕಚ್ಚಿತು. ಬಲಗಡೆ ಇಟ್ಟೆ. ಬಿತ್ತು.

ಅತ್ತೆ ಬಗ್ಗಿ ಅಯಸ್ಕಾಂತವನ್ನು ಎತ್ತಿ, ಸೆರಗಿನಿಂದ ಮಣ್ಣು ಒರೆಸಿ ನನ್ನ ಕೈಗಿಟ್ಟರು.

"ಅದು ಬೀಳ್ಲೇಬೇಕು" ಎಂದರು. "ನಾನೇ ಗುದ್ದಿದ್ದು."

ಅವರು ಶೆಡ್ಡಿನೊಳಗೆ ಬಂದು ರೆಸಿನ್ ಡಬ್ಬಿಯ ಮೇಲೆ ಕೂತು, ಮಾರುಕಟ್ಟೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳಿದರು. ನಾಲ್ಕು ವರ್ಷದ ಹಿಂದೆ ಮಾವನವರು ಹೊಟ್ಟೆಯ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿ ಐದು ದಿನ ಇದ್ದರಲ್ಲ, ಆಗ ಎರಡನೆಯ ದಿನ.

"ಎಲ್ಲಿಗೂ ಹೋಗ್ಬೇಕು ಅಂತಿರ್ಲಿಲ್ಲ. ನಮ್ಮ ಮನೆ ಶೆಡ್ಡಿಂದ ಹೊರಗೆ ತೆಗೆದು, ಮತ್ತೆ ಒಳಗೆ ಹಾಕೋದು, ಅಷ್ಟೇ ಆಸೆ. ತೆಗೆಯೋದೇನೋ ಚೆನ್ನಾಗೇ ತೆಗೆದೆ. ವಾಪಸ್ ಹಾಕುವಾಗ ನೀರಿನ ಟ್ಯಾಂಕಿನ ಕಂಬ ಅಡ್ಡ ಬಂತು."

"ಕಂಬ ಅಡ್ಡ ಬಂತಾ?"

"ನೀವೂ ಶುರು ಮಾಡ್ಬೇಡಿ" ಎಂದರು ಅತ್ತೆ. "ಪಕ್ಕದ ನಿಮ್ಮ ಟಿಂಕರ್ ಬಂದು ಮೂರು ದಿನದಲ್ಲಿ ಸರಿ ಮಾಡ್ಕೊಟ್ಟ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟ, ಹೇಳಿಲ್ಲ."

ನನ್ನ ಶೆಡ್ಡಿನ ಗೋಡೆಗೆ ಗೋಡೆ ಹಂಚಿಕೊಂಡು ಕಾರಿನ ನೆಗ್ಗಿದ ತಗಡು ತಟ್ಟಿ ಸರಿಮಾಡುವ ಟಿಂಕರ್! ದಿನಾ ನನ್ನ ಜೊತೆ ಚಹಾ ಕುಡಿಯುತ್ತಾನೆ. ನಾನು ಆ ಕಾರಿನ ಸುತ್ತ ಬಟಾಣಿ ಚೆಲ್ಲಿಕೊಂಡು ಒದ್ದಾಡುವುದನ್ನು ವಾರದಿಂದ ನೋಡುತ್ತಿದ್ದವನು ಒಂದು ಮಾತು ಉಸುರಿರಲಿಲ್ಲ. ಆ ಮನುಷ್ಯನ ಕೈಗೆ ಮಾತ್ರವಲ್ಲ, ಬಾಯಿಗೂ ನಮಸ್ಕಾರ ಹೇಳಬೇಕು.

"ಮಾವ ಬಯ್ತಾರೆ ಅಂತ ಭಯಾನಾ ಅತ್ತೆ?"

"ಬೈದ್ರೆ ಏನಾಯ್ತು? ಬೈಸ್ಕೊಂಡು ಅಭ್ಯಾಸ ಇದೆ. ಅವರು ಬಯ್ಯಲ್ಲ, ನಗ್ತಾರೆ. ಮನೆಗೆ ಬಂದೋರಿಗೆಲ್ಲ ಹೇಳಿ ಹೇಳಿ ನಗ್ತಾರೆ. ನಾನು ಚಹಾ ತಟ್ಟೆ ಹಿಡ್ಕೊಂಡು ಬಂದಾಗಲೆಲ್ಲ, ದಾರಿ ಬಿಡಿ, ಕಂಬ ಅಡ್ಡ ಬಂದೀತು ಅಂತಾರೆ. ಸಾಯೋ ತನಕ ಅದನ್ನ ಕೇಳ್ಕೊಂಡಿರಬೇಕು ನಾನು."

ಅವರ ಗಂಡನ ನಗೆಯ ರುಚಿ ಕಂಡ ನನಗೆ ಇನ್ನೇನೂ ವಿವರಿಸಬೇಕಾಗಿರಲಿಲ್ಲ. ಊರಿಗೆಲ್ಲ ಕಾರು ಕಲಿಸಿದ ಮನುಷ್ಯ ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಅತ್ತೆ ಕೇಳಿದಾಗಲೆಲ್ಲ "ನಿನಗ್ಯಾಕೆ, ನಾನಿದ್ದೀನಲ್ಲ" ಎನ್ನುತ್ತಿದ್ದರಂತೆ. ನಾನು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡೆ.

"ನಾನು ಹೇಳಲ್ಲ ಅತ್ತೆ" ಎಂದೆ. ಹೇಳಿದ ಕ್ಷಣವೇ ಹೊಂದಿಸಿಟ್ಟ ಮಾತು ವ್ಯರ್ಥವಾಯಿತಲ್ಲ ಎನ್ನಿಸಿತು, ಸುಳ್ಳೇಕೆ ಹೇಳಲಿ.

ಈಗ ಉಳಿದದ್ದು ಎರಡೇ ದಾರಿ. ಬಲಗಡೆಯ ಬಳೆಯನ್ನು ಇದ್ದಲ್ಲೇ ಬಿಟ್ಟರೆ ನೋಡಲು ಜೋಡಿ ಸರಿ, ಆದರೆ ಜಾಗ ಸಾಲದೆ ಎರಡು ವೂಫರೂ ಎರಡು ದನಿಯಲ್ಲಿ ಹಾಡುತ್ತವೆ. ಬಳೆಯನ್ನು ಎರಡು ಬೆರಳು ಮುಂದಕ್ಕೆ ತಂದರೆ ಹಾಡು ಸರಿ, ಆದರೆ ಸೊಟ್ಟ ಕಣ್ಣಿಗೆ ಹೊಡೆಯುತ್ತದೆ. ಎಡಗಡೆಯದನ್ನು ಒಡೆದು ಚಿಕ್ಕದು ಮಾಡಬಹುದಿತ್ತು. ಆದರೆ ಅವರು ಅಳೆದು ಒಪ್ಪಿದ್ದನ್ನು ಯಾಕೆ ಒಡೆದೆ ಎಂದು ಕೇಳಿದರೆ ಏನು ಹೇಳಲಿ? ಅಲ್ಲದೆ ಆ "ಪರವಾಗಿಲ್ಲ"ವನ್ನು ನನ್ನ ಕೈಯಾರೆ ಒಡೆಯಲು ಮನಸ್ಸೂ ಬರಲಿಲ್ಲ. ಬಳೆಯನ್ನು ಮುಂದಕ್ಕೇ ತಂದೆ. ನೋಡುವವರು ನನ್ನನ್ನು ಆಡಿಕೊಳ್ಳಲಿ, ಕೇಳುವವರು ಆಡಿಕೊಳ್ಳಬಾರದು.

ಭಾನುವಾರ ಒಂಬತ್ತಕ್ಕೆ ಸರಿಯಾಗಿ ಮಾವನವರು ಬಂದರು, ಜೊತೆಗೆ ಅತ್ತೆ. ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿ ಸ್ಕೇಲ್. ಟಿಂಕರ್ ತನ್ನ ಶೆಡ್ಡಿನ ಬಾಗಿಲಲ್ಲಿ ಕೆಲಸವಿದ್ದವನಂತೆ ಒಂದು ಬಾನೆಟ್ಟನ್ನು ತಟ್ಟುತ್ತಾ ನಿಂತಿದ್ದ. ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಡಿಕ್ಕಿ ಮೇಲಕ್ಕೆದ್ದಿತು.

ಸ್ಕೇಲ್ ಬೇಕಾಗಲೇ ಇಲ್ಲ.

"ಅಳಿಯಂದ್ರೇ, ಬಲಗಡೆದು ಯಾಕೋ ನಮ್ಮನ್ನ ನೋಡೋಕೆ ಮುಂದೆ ಬಂದಿದೆಯಲ್ಲ?"

ಟಿಂಕರನ ತಟ್ಟುವ ಸದ್ದು ನಿಂತಿತು. ಜೇಬಿನಲ್ಲಿ ಬೆರಳಿಗೆ ಅಯಸ್ಕಾಂತ ತಗಲುತ್ತಿತ್ತು. ಅದನ್ನೊಂದು ತೆಗೆದುಕೊಟ್ಟರೆ ಸಾಕಾಗಿತ್ತು.

"ನನ್ನ ಅಳತೆ ತಪ್ಪಿತು ಮಾವ."

"ಎಷ್ಟು?"

"ಎರಡು ಬೆರಳು."

"ಎರಡು ಬೆರಳು" ಎಂದು ಅವರು ರಾಗವಾಗಿ ಹೇಳಿ ಮಗಳ ಕಡೆ ತಿರುಗಿದರು. "ನೋಡಮ್ಮ. ನಾನು ಅವತ್ತೇ ಹೇಳಿದ್ದೆ. ಒಂದು ಡಬ್ಬ ಸರಿಯಾಗಿ ಬಂದ್ರೆ ಅದು ಅದೃಷ್ಟ. ಎರಡೂ ಬಂದ್ರೆ ಮಾತ್ರ ಕಸುಬು." ಹೇಳಿ ನಗಲು ಶುರು ಮಾಡಿದರು. ಎದುರಿಗೇ ಡಬ್ಬ ಎಂದದ್ದು ಅದೇ ಮೊದಲು. ನನ್ನ ಕಿವಿ ಕಾದವು. ಹೆಂಡತಿ ಕೂಡ ನಗಲಿಲ್ಲ, ಅವಳಿಗೆ ನನ್ನ ಮುಖ ಓದಲು ಬರುತ್ತದೆ.

"ರೀ, ನಗೋದು ನಿಲ್ಸಿ" ಎಂದರು ಅತ್ತೆ.

ಮಾವನವರು ನಿಲ್ಲಿಸಲಿಲ್ಲ, ನಗು ಅರ್ಧಕ್ಕೆ ಬಂದಿತ್ತು.

"ಅವರ ಅಳತೆ ಸರಿಯಾಗೇ ಇದೆ. ನಿಮ್ಮ ಕಾರೇ ಸೊಟ್ಟ. ನಾನು ಕಂಬಕ್ಕೆ ಗುದ್ದಿದೀನಿ. ನೀವು ಆಸ್ಪತ್ರೇಲಿ ಮಲಗಿದ್ದಾಗ. ಇನ್ನು ನಗೋದಿದ್ರೆ ನನ್ನ ನೋಡಿ ನಗಿ, ಆ ಮನುಷ್ಯನ್ನ ಬಿಡಿ."

ಸುಮ್ಮನಿರಿ ಎಂದು ನಾನು ಅತ್ತೆಗೆ ಕಣ್ಸನ್ನೆ ಮಾಡಿದ್ದು ವ್ಯರ್ಥವಾಯಿತು. ಮಾವನವರು ಹೆಂಡತಿಯನ್ನು ನೋಡಿದರು, ಕಾರನ್ನು ನೋಡಿದರು, ಬಲಗಡೆಗೆ ನಡೆದು ಚಕ್ರದ ಹಿಂದಿನ ಬಣ್ಣದ ಮೇಲೆ ಅಂಗೈ ಆಡಿಸಿದರು. ನಾಲ್ಕು ವರ್ಷ ಪ್ರತಿ ವಾರ ತಾವೇ ತೊಳೆದು ಒರೆಸಿದ ಜಾಗ. ಬೆರಳ ಗಂಟಿನಿಂದ ಕುಟ್ಟಿದರು. ಡಬ್ ಎಂದಿತು. ಎಡಗಡೆಗೆ ಹೋಗಿ ಕುಟ್ಟಿದರು. ಟಣ್ ಎಂದಿತು. ಅವರು ವಾಪಸು ಬರುವಷ್ಟರಲ್ಲಿ ಟಿಂಕರ್ ಶೆಡ್ಡಿನೊಳಗೆ ಮಾಯವಾಗಿದ್ದ.

"ರಿವರ್ಸ್ ಹಾಕ್ತಿದ್ಯಾ?" ಎಂದರು.

"ಹೂಂ."

"ಯಾವ ಕನ್ನಡಿ ನೋಡ್ದೆ?"

"ಎಡಗಡೆದು. ಗೋಡೆ ಆ ಕಡೆ ಇತ್ತಲ್ಲ, ಅದರ ಮೇಲೇ ಕಣ್ಣಿಟ್ಟಿದ್ದೆ."

"ಎಲ್ಲರೂ ಮಾಡೋ ತಪ್ಪೇ" ಎಂದರು ಮಾವನವರು. ಇನ್ನೂ ನಗು ಬಂದಿರಲಿಲ್ಲ. ನಾವು ಕಾಯುತ್ತಿದ್ದೆವು. "ನಿನಗೆ ಯಾರು ಕಲಿಸಿದ್ದು?"

"ನೀವೇ."

"ನಾನು ಯಾವಾಗ ಕಲಿಸ್ದೆ?"

"ಹೆಂಗಸರು ಕಲಿಯೋಕೆ ಬಂದಾಗ, ಅವರಿಗೆ ಸಂಕೋಚ ಆಗಬಾರ್ದು ಅಂತ ನನ್ನನ್ನ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗ್ತಿದ್ರಲ್ಲ. ನೀವು ಅವರಿಗೆ ಹೇಳಿದ್ದೆಲ್ಲ ನನಗೂ ಕೇಳಿಸ್ತಿತ್ತು. ಅವರೆಲ್ಲ ಒಂದೊಂದು ತಿಂಗಳು ಕಲಿತು ಹೋದ್ರು. ನಾನು ಹದಿನೇಳು ವರ್ಷ ಕಲಿತೆ."

ಮಾವನವರು ತಮ್ಮ ಸ್ಕೇಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಆ ಗಂಟಲಿಗೆ ಮಾತು ಹುಡುಕಬೇಕಾಗಿ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಡಿಕ್ಕಿಯನ್ನು ತಾವೇ ಮುಚ್ಚಿ, ನನ್ನಿಂದ ಬೀಗದ ಕೈ ಇಸಿದುಕೊಂಡು, ಪಕ್ಕದ ಸೀಟಿನ ಬಾಗಿಲು ತೆಗೆದು ಕೂತರು. ಅದನ್ನು ಕಿಟಕಿಯಿಂದ ಅತ್ತೆಯ ಕಡೆ ಚಾಚಿದರು.

"ಗೇಟಿನ ತನಕ ಮಾತ್ರ. ಲೈಸೆನ್ಸ್ ಇಲ್ಲದೆ ರಸ್ತೆಗೆ ಇಳಿಯೋ ಹಾಗಿಲ್ಲ" ಎಂದರು. "ರಿವರ್ಸಲ್ಲೇ ಹೋಗು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂತರು. ಕಾರು ನಮ್ಮ ಅಂಗಳದ ಇಕ್ಕಟ್ಟಿನಲ್ಲಿ ಹಿಂದಕ್ಕೆ ಹರಿಯಿತು, ಗೇಟಿನ ಬಳಿ ನಿಂತಿತು, ಮುಂದೆ ಬಂತು. "ಇನ್ನೊಂದ್ಸಲ" ಎಂದು ಒಳಗಿನಿಂದ ಕೇಳಿಸಿತು. ಮತ್ತೆ ಹೋಯಿತು, ಮತ್ತೆ ಬಂತು. ಹದಿನೈದು ದಿನ ನಾನು ಮೈ ತುರಿಸಿಕೊಂಡು ಮಾಡಿದ ಎರಡು ಡಬ್ಬಗಳು ಹಿಂದೆ ಸುಮ್ಮನೆ ಕೂತಿದ್ದವು. ಯಾರಿಗೂ ಹಾಡಿನ ನೆನಪಾಗಲಿಲ್ಲ. ನನಗೂ ಬೇಜಾರಾಗಲಿಲ್ಲ, ಇದನ್ನು ಬರೆಯುವಾಗಲೂ ಆಶ್ಚರ್ಯವಾಗುತ್ತಿದೆ.

ನಾಲ್ಕನೆಯ ಸಲ ಮುಂದೆ ಬಂದು ನಿಂತಾಗ ಅತ್ತೆಯ ದನಿ ಕೇಳಿತು. "ನೀವು ಇಳೀರಿ. ಒಬ್ಬಳೇ ಹೋಗ್ತೀನಿ."

ಮಾವನವರು ಇಳಿದರು. ಬಾಗಿಲು ಹಾಕಿದರು, ಎರಡನೆಯ ಸಲ ತೆಗೆದು ಹಾಕಲಿಲ್ಲ. ಬಂದು ನನ್ನ ಪಕ್ಕದಲ್ಲಿ ನಿಂತರು. ಕಾರು ಹಿಂದಕ್ಕೆ ಹೊರಟಿತು. ಗೇಟಿನ ಕಂಬ ಬಲಗಡೆ ಹತ್ತಿರವಾಗುತ್ತಾ ಬಂದಂತೆ ಮಾವನವರು ಮುಂದಕ್ಕೆ ಬಗ್ಗಿದರು. ಅವರ ಬಲಗಾಲು ನಮ್ಮ ಅಂಗಳದ ಮಣ್ಣನ್ನು ಹಿಮ್ಮಡಿ ಹೂತುಹೋಗುವಷ್ಟು ಬಲವಾಗಿ ಒತ್ತುತ್ತಿತ್ತು. ಕಾರು ಕಂಬಕ್ಕೆ ಒಂದು ಗೇಣು ಬಿಟ್ಟು ನೆಟ್ಟಗೆ ನಿಂತಿತು.

"ನೋಡಿದ್ರಲ್ಲ ಅಳಿಯಂದ್ರೇ" ಎಂದರು ಮಾವನವರು, ಕಣ್ಣು ಒರೆಸಿಕೊಳ್ಳುತ್ತಾ. "ನಾನು ಬ್ರೇಕ್ ಮುಟ್ಟಲೇ ಇಲ್ಲ."

"ನೋಡಿದೆ ಮಾವ" ಎಂದೆ.